ಬಾವಿಯಲ್ಲಿ ಸಿಕ್ಕ ಶವ: ಕೊಲೆ ತನಿಖೆಯಲ್ಲಿ ವಿಧಿವಿಜ್ಞಾನ ನೆರವಾದ ಬಗೆ, ನನ್ನ ಅನುಭವ

ಕೊಲೆ ಪ್ರಕರಣದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದರೆ ಸಾಕು, ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಜನರಲ್ಲಿಯೂ ಇದೆ, ಇಲಾಖೆಗೆ ಹೊಸದಾಗಿ ಸೇರಿದ ಸಬ್‌ಇನ್‌ಸ್ಪೆಕ್ಟರ್‌ಗಳಲ್ಲಿಯೂ ಇದೆ. ಕೋಲಾರ ಜಿಲ್ಲೆಯ ಠಾಣೆಗಳಲ್ಲಿ ಮೊದಲು ಸಬ್‌ಇನ್‌ಸ್ಪೆಕ್ಟರ್ ಆಗಿ, ಆಮೇಲೆ ಸರ್ಕಲ್ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದ ನನಗೆ ತಿಳಿದಿರುವುದು ಬೇರೆ. ಪ್ರಯೋಗಾಲಯದವರು ನಾವು ಕಳುಹಿಸಿದ ವಸ್ತುವನ್ನು ಮಾತ್ರ ಪರೀಕ್ಷಿಸುತ್ತಾರೆ, ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯುತ್ತಾರೆ. ಯಾವುದನ್ನು ಎತ್ತಬೇಕು, ಹೇಗೆ ಎತ್ತಬೇಕು, ಅದರ ಬಗ್ಗೆ ಏನನ್ನು ಕೇಳಬೇಕು ಎಂಬುದು ಶವ ಸಿಕ್ಕ ಮೊದಲ ಕೆಲವು ಗಂಟೆಗಳಲ್ಲಿಯೇ ತನಿಖಾಧಿಕಾರಿಯ ತಲೆಯಲ್ಲಿ ಹೊಳೆಯಬೇಕು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಾನು ತನಿಖೆ ಮಾಡಿದ ಒಂದು ಪ್ರಕರಣವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಸತ್ತವರ ಕುಟುಂಬ ಇಂದಿಗೂ ಅದೇ ಊರಿನಲ್ಲಿರುವುದರಿಂದ ಊರಿನ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಬರೆಯುವುದಿಲ್ಲ.

ಅದು ಮಾವಿನ ಸುಗ್ಗಿಯ ಕಾಲ. ತೋಪಿನ ಕಾವಲಿಗಿದ್ದವನು ಬೆಳಿಗ್ಗೆ ಹಳೆಯ ತೆರೆದ ಬಾವಿಯಲ್ಲಿ ಗಂಡಸಿನ ಶವವೊಂದನ್ನು ಕಂಡು ಗ್ರಾಮ ಪಂಚಾಯಿತಿ ಸದಸ್ಯರಿಗೆ ತಿಳಿಸಿದ್ದ. ನಮ್ಮ ಜಿಲ್ಲೆಯ ತೆರೆದ ಬಾವಿಗಳು ಬತ್ತಿ ಎಷ್ಟೋ ವರ್ಷಗಳಾಗಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಹರಿಯತೊಡಗಿದ ಮೇಲೆ ಕೆರೆಯ ಆಸುಪಾಸಿನ ಕೆಲವು ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು. ಈ ಬಾವಿಯಲ್ಲಿ ಎದೆಮಟ್ಟದ ನೀರಿತ್ತು. ಸತ್ತವರು ತೋಪುಗಳನ್ನು ಗುತ್ತಿಗೆಗೆ ಹಿಡಿದು ಹಣ್ಣು ಮಾರುತ್ತಿದ್ದ ನಲವತ್ತರ ಆಸುಪಾಸಿನ ರೈತ. ಸಾಲವಿತ್ತು, ಕುಡಿಯುವ ಅಭ್ಯಾಸವೂ ಇತ್ತು. ಹಿಂದಿನ ದಿನವೆಲ್ಲ ಅವರು ಮನೆಗೆ ಬಂದಿರಲಿಲ್ಲ. ಸಾಲಬಾಧೆಯಿಂದ ಬಾವಿಗೆ ಹಾರಿರಬೇಕೆಂದು ಊರವರು ಅಷ್ಟರಲ್ಲಾಗಲೇ ತೀರ್ಮಾನಿಸಿದ್ದರು. ಅವರ ಹೆಂಡತಿ ಕೊಟ್ಟ ದೂರಿನಲ್ಲಿಯೂ ಅದೇ ಇತ್ತು. ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಅಸಹಜ ಮರಣವೆಂದು, ಅಂದರೆ ಠಾಣೆಯ ಭಾಷೆಯಲ್ಲಿ ಯುಡಿಆರ್ ಎಂದು, ಪ್ರಕರಣ ದಾಖಲಾಯಿತು.

ಯುಡಿಆರ್ ಎಂದು ದಾಖಲಾದ ಕೂಡಲೇ ಎಲ್ಲರ ಕೈಗಳೂ ಸಡಿಲಗೊಳ್ಳುವ ಅಪಾಯವಿದೆ. ಶವವನ್ನು ಬೇಗ ಕೊಡಿ, ಬಿಸಿಲು ಏರುವ ಮೊದಲು ಮಣ್ಣು ಮಾಡಬೇಕು ಎಂದು ಬಂಧುಗಳು ಕೇಳಿಕೊಳ್ಳುತ್ತಾರೆ, ಆ ಕೋರಿಕೆ ಸಹಜವಾದದ್ದೇ. ಆದರೆ ಅಸಹಜ ಸಾವು ಯಾವುದೇ ಇರಲಿ, ಅದು ಕೊಲೆಯಲ್ಲ ಎಂದು ತೋರುವವರೆಗೆ ಕೊಲೆಯ ಸ್ಥಳವನ್ನು ನೋಡುವ ಹಾಗೆಯೇ ನೋಡಬೇಕು ಎಂಬುದು ನಾನು ಪಾಲಿಸಿಕೊಂಡು ಬಂದ ಕ್ರಮ. ಬಾವಿಯ ಸುತ್ತ ಹಗ್ಗ ಕಟ್ಟಿಸಿ, ಜನರನ್ನು ದೂರ ನಿಲ್ಲಿಸಿ, ಯಾರೂ ನೀರಿಗೆ ಇಳಿಯುವ ಮೊದಲೇ ಶುಭ್ರವಾದ ಬಾಟಲಿಯಲ್ಲಿ ಬಾವಿಯ ನೀರನ್ನು ತುಂಬಿಸಿಟ್ಟೆವು. ಈ ಒಂದು ಬಾಟಲಿ ನೀರು ಎಷ್ಟು ಮುಖ್ಯವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅಗ್ನಿಶಾಮಕ ದಳದವರಿಗೆ ಕುತ್ತಿಗೆಗಾಗಲಿ ಕಂಕುಳಿಗಾಗಲಿ ಹಗ್ಗ ಹಾಕದೆ, ಬಲೆಯಲ್ಲಿ ಶವವನ್ನು ಎತ್ತುವಂತೆ ಕೇಳಿಕೊಂಡೆ. ಎತ್ತುವಾಗ ಬೀಳುವ ಹಗ್ಗದ ಗುರುತು ಆಮೇಲೆ ಅನಗತ್ಯ ಗೊಂದಲಕ್ಕೆ ಕಾರಣವಾಗುತ್ತದೆ. ಶವ ಮೇಲೆ ಬಂದ ತಕ್ಷಣ ಎರಡೂ ಕೈಗಳಿಗೆ ಕಾಗದದ ಚೀಲ ಕಟ್ಟಿಸಿದೆವು, ಉಗುರುಗಳ ಕೆಳಗೆ ಏನಾದರೂ ಉಳಿದಿದ್ದರೆ ಅದು ಅಲ್ಲಿಯೇ ಇರಲೆಂದು.

ಶವ ಮಹಜರಿಗಾಗಿ ಪಂಚರ, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳ, ಮುಂದೆ ಅಂಗಿ ತೆಗೆದು ಶವವನ್ನು ಮಗುಚಿದಾಗ ಕಂಡದ್ದೇ ಈ ಪ್ರಕರಣದ ದಿಕ್ಕನ್ನು ಬದಲಿಸಿತು. ಮನುಷ್ಯ ಸತ್ತ ಮೇಲೆ ರಕ್ತದ ಓಟ ನಿಂತು, ದೇಹದ ಯಾವ ಭಾಗ ಕೆಳಗಿದೆಯೋ ಅಲ್ಲಿಗೆ ರಕ್ತ ಇಳಿದು ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸತ್ತ ಒಂದೆರಡು ಗಂಟೆಗಳಲ್ಲಿ ಕಾಣಿಸಿಕೊಳ್ಳುವ ಈ ಬಣ್ಣ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಸ್ಥಿರವಾಗುತ್ತದೆ, ಆಮೇಲೆ ಶವವನ್ನು ಹೇಗೆ ತಿರುಗಿಸಿದರೂ ಅದು ಜಾಗ ಬದಲಿಸುವುದಿಲ್ಲ. ನೀರಿನಲ್ಲಿರುವ ಶವ ಬಹುಮಟ್ಟಿಗೆ ಬೋರಲಾಗಿ, ತಲೆ ಮತ್ತು ಕೈಕಾಲುಗಳು ಕೆಳಕ್ಕೆ ಇಳಿಬಿದ್ದಿರುತ್ತದೆ, ಆದ್ದರಿಂದ ಬಣ್ಣ ಮುಖದಲ್ಲಿ, ಎದೆಯ ಮೇಲ್ಭಾಗದಲ್ಲಿ, ಅಂಗೈ ಅಂಗಾಲುಗಳ ಕಡೆ ಇರಬೇಕು. ಇಲ್ಲಿ ಅದು ಬೆನ್ನ ಮೇಲಿತ್ತು. ಅಷ್ಟೇ ಅಲ್ಲ, ನೇರಳೆಯ ನಡುವೆ ಬೆನ್ನಿಗೆ ಅಡ್ಡಲಾಗಿ, ಒಂದರ ಕೆಳಗೊಂದು ಸಮಾನ ಅಂತರದಲ್ಲಿ ಬಿಳಿಚಿದ ಪಟ್ಟೆಗಳಿದ್ದವು. ದೇಹದ ಭಾರ ಗಟ್ಟಿಯಾದ ಯಾವುದೋ ಉಬ್ಬಿನ ಮೇಲೆ ಒತ್ತಿಕೊಂಡ ಕಡೆ ರಕ್ತ ಇಳಿಯಲು ಜಾಗವಿರುವುದಿಲ್ಲ, ಚರ್ಮ ಬಿಳಿಯಾಗಿಯೇ ಉಳಿಯುತ್ತದೆ. ಈ ವ್ಯಕ್ತಿ ಸತ್ತ ಮೇಲೆ ಹಲವು ಗಂಟೆಗಳ ಕಾಲ ಉಬ್ಬುತಗ್ಗುಗಳಿರುವ ನೆಲದ ಮೇಲೆ ಅಂಗಾತ ಬಿದ್ದಿದ್ದು, ಆಮೇಲೆ ಬಾವಿಗೆ ಬಂದಿದ್ದಾನೆ ಎಂದು ಆ ಬೆನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಪಟ್ಟೆಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ನೇರವಾಗಿ ಮೇಲಿನಿಂದ ಹಿಡಿದು ಫೋಟೊ ತೆಗೆಸಿದೆ. ಓರೆಯಾಗಿ ತೆಗೆದ ಫೋಟೊದಲ್ಲಿ ಅಳತೆ ತಪ್ಪುತ್ತದೆ, ಹೋಲಿಕೆಗೆ ಅದು ಬರುವುದಿಲ್ಲ.

ಬೇರೆ ಸಂಗತಿಗಳೂ ಇದಕ್ಕೆ ಹೊಂದಿಕೊಂಡವು. ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ಕೊಳೆಯುವಿಕೆಯ ಹಸಿರು ಬಣ್ಣ ಕಾಣಿಸಿಕೊಂಡಿತ್ತು, ಆದರೆ ಅಂಗೈ ಅಂಗಾಲುಗಳ ಚರ್ಮ ಅಷ್ಟು ಹೊತ್ತು ನೀರಿನಲ್ಲಿದ್ದ ಶವದಲ್ಲಿ ಸುಕ್ಕಾಗಬೇಕಾದಷ್ಟು ಸುಕ್ಕಾಗಿರಲಿಲ್ಲ. ಅಂಗಿಯ ಹಿಂಬದಿಯಲ್ಲಿ ಮಾವಿನ ಸೊನೆಯ ಕಲೆಗಳಿದ್ದವು, ಒಳಬನಿಯನ್ನಿಗೆ ಒಣಹುಲ್ಲಿನ ತುಣುಕುಗಳು ಅಂಟಿಕೊಂಡಿದ್ದವು. ಹಣ್ಣು ತುಂಬುವಾಗ ಹುಲ್ಲು ಹಾಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಚಪ್ಪಲಿಗಳು ಬಾವಿಯ ಬಳಿ ಎಲ್ಲಿಯೂ ಇರಲಿಲ್ಲ. ಶ್ವಾನದಳದ ನಾಯಿ ಬಾವಿಯಿಂದ ತೋಪಿನ ದಾರಿಯಲ್ಲಿ ಡಾಂಬರು ರಸ್ತೆಯವರೆಗೆ ಹೋಗಿ ನಿಂತಿತು. ನಾಯಿಯ ಜಾಡು ನ್ಯಾಯಾಲಯದಲ್ಲಿ ತಾನೊಂದೇ ಸಾಕ್ಷ್ಯವಾಗಿ ನಿಲ್ಲುವುದಿಲ್ಲವಾದರೂ, ವಾಹನವನ್ನು ಹುಡುಕಬೇಕು ಎಂಬ ನನ್ನ ಅನಿಸಿಕೆಗೆ ಅದರಿಂದ ಬಲ ಬಂತು.

ಬಟ್ಟೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತ್ಯಂತ ಹೆಚ್ಚು ಸಾಕ್ಷ್ಯ ಹಾಳಾಗುವುದು ಇಲ್ಲಿಯೇ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಟು ಕಟ್ಟಿದರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿದು, ರಕ್ತದ ಕಲೆಯಲ್ಲಿರುವ ಡಿಎನ್‌ಎ ಕೊಳೆತುಹೋಗುತ್ತದೆ. ಪ್ರತಿಯೊಂದು ಬಟ್ಟೆಯನ್ನೂ ಬೇರೆ ಬೇರೆಯಾಗಿ, ಕೆಳಗೆ ಬಿಳಿ ಕಾಗದ ಹಾಸಿ, ಬಿಸಿಲು ಬೀಳದ ಮುಚ್ಚಿದ ಕೋಣೆಯಲ್ಲಿ ನೆರಳಿನಲ್ಲಿ ಒಣಗಿಸಿ, ಕೆಳಗಿನ ಕಾಗದದ ಮೇಲೆ ಉದುರಿದ್ದನ್ನೂ ಆ ಬಟ್ಟೆಯ ಜೊತೆಯಲ್ಲಿಯೇ ಮಡಚಿ, ಕಾಗದದ ಹೊದಿಕೆಯಲ್ಲಿಟ್ಟು, ಮೇಲೆ ಬಟ್ಟೆ ಹೊಲಿದು, ಅರಗಿನ ಮೊಹರು ಹಾಕಬೇಕು. ಠಾಣೆಯಲ್ಲಿ ಇದಕ್ಕೆ ಜಾಗವೂ ಇರುವುದಿಲ್ಲ, ತಾಳ್ಮೆಯೂ ಕಡಿಮೆ. ನಮ್ಮ ಠಾಣೆಯ ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ವಸ್ತುಗಳನ್ನು, ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಇದಕ್ಕಾಗಿ ಹಳೆಯ ದಾಖಲೆಗಳಿದ್ದ ಕೋಣೆಯೊಂದನ್ನು ಖಾಲಿ ಮಾಡಿ, ಬೀಗ ಹಾಕಿ, ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಆ ಮನುಷ್ಯನ ಶಿಸ್ತಿಗೆ ಈ ಪ್ರಕರಣ ಬಹಳ ಋಣಿಯಾಗಿದೆ.

ಶವಪರೀಕ್ಷೆಯನ್ನು ವಿಧಿವೈದ್ಯಶಾಸ್ತ್ರದ ತಜ್ಞರಿಂದಲೇ ಮಾಡಿಸಬೇಕೆಂದು ನಿರ್ಧರಿಸಿ ಶವವನ್ನು ಕೋಲಾರಕ್ಕೆ ಕಳುಹಿಸಿದೆ. ಕೋರಿಕೆ ಪತ್ರದಲ್ಲಿ ‘ಸಾವಿನ ಕಾರಣ ತಿಳಿಸುವುದು’ ಎಂಬ ಒಂದೇ ಸಾಲು ಬರೆದು ಕಳುಹಿಸುವ ರೂಢಿ ಬಹಳ ಕಡೆ ಇದೆ. ನಾನು ಬೆನ್ನ ಮೇಲಿನ ಪಟ್ಟೆಗಳನ್ನು ವಿವರಿಸಿ, ಶವ ನೀರಿಗೆ ಬಿದ್ದದ್ದು ಸಾಯುವ ಮೊದಲೋ ಸತ್ತ ಮೇಲೋ, ಶವದ ಸ್ಥಾನವನ್ನು ಬದಲಿಸಲಾಗಿದೆಯೇ, ಕುತ್ತಿಗೆಯ ಒಳಪದರಗಳಲ್ಲಿ ಗಾಯವಿದೆಯೇ, ಕೊನೆಯ ಊಟ ಏನು ಮತ್ತು ಅದು ಜೀರ್ಣವಾದ ಪ್ರಮಾಣ ಎಷ್ಟು ಎಂದು ಒಂದೊಂದಾಗಿ ಕೇಳಿದೆ. ನೀರಿನಲ್ಲಿ ನೆನೆದ ಕುತ್ತಿಗೆಯ ಮೇಲೆ ಹೊರಗಿನಿಂದ ಕಂಡದ್ದು ಮಸುಕಾದ ಗೆರೆ ಮಾತ್ರ. ವೈದ್ಯರು ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಿದಾಗ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಗಂಟಲಿನ ಮುಂಭಾಗದ ಥೈರಾಯ್ಡ್ ಮೃದ್ವಸ್ಥಿಯ ಕೊಂಬು ಮುರಿದಿದ್ದು ಕಂಡುಬಂತು. ಹೊರಗಿನ ಗೆರೆ ಆ ಮೃದ್ವಸ್ಥಿಗಿಂತ ಕೆಳಗೆ, ಅಡ್ಡಲಾಗಿ, ಕುತ್ತಿಗೆಯ ಸುತ್ತಲೂ ಮುರಿಯದೆ ಹಾದಿತ್ತು. ನೇಣು ಹಾಕಿಕೊಂಡಿದ್ದರೆ ಗುರುತು ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಓರೆಯಾಗಿ ಕಿವಿಯ ಕಡೆಗೆ ಏರಿ, ಗಂಟಿನ ಹತ್ತಿರ ಕಾಣದಾಗುತ್ತದೆ. ಮುಳುಗಿ ಸತ್ತವರಲ್ಲಿ ಸಾಮಾನ್ಯವಾಗಿ ಕಾಣುವ ನೊರೆ ಶ್ವಾಸನಾಳದಲ್ಲಿ ಇರಲಿಲ್ಲ, ಶ್ವಾಸಕೋಶಗಳು ನೀರು ತುಂಬಿ ಉಬ್ಬಿರಲಿಲ್ಲ. ಹಗ್ಗದಂಥ ವಸ್ತುವಿನಿಂದ ಕುತ್ತಿಗೆ ಬಿಗಿದು ಸಾವು ಎಂಬ ಅಭಿಪ್ರಾಯ ಬಂದ ದಿನವೇ ಪ್ರಕರಣವನ್ನು ಆಗಿನ ಭಾರತೀಯ ದಂಡ ಸಂಹಿತೆಯ 302 (ಕೊಲೆ) ಮತ್ತು 201ನೇ (ಸಾಕ್ಷ್ಯನಾಶ) ಕಲಮುಗಳಿಗೆ ಬದಲಾಯಿಸಿದೆವು.

ಜಠರದಲ್ಲಿ ಅನ್ನ ಮತ್ತು ಮಾಂಸದ ತುಣುಕುಗಳು ಗುರುತು ಹಿಡಿಯುವಷ್ಟು ಉಳಿದಿದ್ದವು. ಮನೆಯಲ್ಲಿ ಆ ಸಂಜೆ ಏನು ಉಂಡಿದ್ದರು ಎಂದು ಹೆಂಡತಿಯನ್ನು ಕೇಳಿದಾಗ, ಮುದ್ದೆ ಮತ್ತು ಸೊಪ್ಪಿನ ಬಸ್ಸಾರು ಎಂದರು. ‘ಮಂಡಿಯಿಂದ ದುಡ್ಡು ಬರಬೇಕು ಅಂತ ಹೇಳಿ ಎದ್ದು ಹೋದರು ಸಾರ್, ಆಮೇಲೆ ಬರಲೇ ಇಲ್ಲ’ ಎಂದು ಆ ತಾಯಿ ಹೇಳಿದ ಮಾತು ಕೇಸ್ ಡೈರಿಯಲ್ಲಿದೆ. ಅಂದರೆ ಅವರು ಮನೆಯಿಂದ ಹೊರಟ ಮೇಲೆ ಎಲ್ಲಿಯೋ ಮತ್ತೊಮ್ಮೆ ಊಟ ಮಾಡಿದ್ದಾರೆ, ಆ ಊಟವಾದ ಕೆಲವೇ ಗಂಟೆಗಳಲ್ಲಿ ಸತ್ತಿದ್ದಾರೆ. ಭಯ, ಮದ್ಯ, ಗಾಯ ಇವೆಲ್ಲವೂ ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಜಠರವನ್ನು ನೋಡಿ ಸಾವಿನ ಗಂಟೆಯನ್ನು ನಿಖರವಾಗಿ ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ಆದರೆ ತನಿಖೆಗೆ ನನಗೆ ಬೇಕಾಗಿದ್ದದ್ದು ಗಂಟೆಯಲ್ಲ, ಜಾಗ. ರಸ್ತೆ ಬದಿಯ ಢಾಬಾಗಳನ್ನು ಒಂದೊಂದಾಗಿ ವಿಚಾರಿಸುತ್ತಾ ಹೋದಾಗ, ಮೃತರು ಇಬ್ಬರ ಜೊತೆ ಬಂದು ಊಟ ಮಾಡಿ ಹೋದದ್ದನ್ನು ಒಂದು ಕಡೆ ಕೆಲಸದವನೊಬ್ಬ ನೆನಪಿಸಿಕೊಂಡ. ಆ ಇಬ್ಬರಲ್ಲಿ ಒಬ್ಬ ತೋಪಿನ ಗುತ್ತಿಗೆಯಲ್ಲಿ ಮೃತರ ಪಾಲುದಾರ.

ಈಗ ಬಾವಿಯ ನೀರಿನ ಬಾಟಲಿಗೆ ಬರುತ್ತೇನೆ. ಕೆರೆ, ಬಾವಿ, ಹೊಳೆಗಳ ನೀರಿನಲ್ಲಿ ಡಯಾಟಂ ಎಂಬ, ಸಿಲಿಕಾ ಕವಚವಿರುವ ಸೂಕ್ಷ್ಮ ಪಾಚಿ ಇರುತ್ತದೆ. ಬದುಕಿರುವವನು ಮುಳುಗಿದಾಗ ಉಸಿರಿನೊಂದಿಗೆ ನೀರು ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಡಯಾಟಂಗಳು ರಕ್ತಕ್ಕೆ ಸೇರಿ, ಹೃದಯ ಇನ್ನೂ ಬಡಿಯುತ್ತಿರುವುದರಿಂದ ಮೂಳೆಯ ಮಜ್ಜೆಯವರೆಗೂ ತಲುಪುತ್ತವೆ. ಸತ್ತವನನ್ನು ನೀರಿಗೆ ಹಾಕಿದರೆ ಶ್ವಾಸಕೋಶಕ್ಕೆ ಸ್ವಲ್ಪ ನೀರು ಸೇರಬಹುದು, ಆದರೆ ಮಜ್ಜೆಗೆ ಒಯ್ಯಲು ರಕ್ತದ ಓಟವೇ ಇರುವುದಿಲ್ಲ. ತೊಡೆಯ ಮೂಳೆಯ ಮಜ್ಜೆಯನ್ನು ಆಮ್ಲದಲ್ಲಿ ಕರಗಿಸಿದಾಗ ಉಳಿದದ್ದೆಲ್ಲ ಕರಗಿ ಸಿಲಿಕಾ ಕವಚಗಳು ಮಾತ್ರ ಉಳಿಯುವುದರಿಂದ ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಮಜ್ಜೆಯಲ್ಲಿ ಡಯಾಟಂ ಸಿಗಲಿಲ್ಲ ಎಂದ ಮಾತ್ರಕ್ಕೆ ಮುಳುಗಿ ಸತ್ತಿಲ್ಲ ಎಂದು ಹೇಳಲಾಗದು, ಆ ನೀರಿನಲ್ಲಿಯೇ ಡಯಾಟಂ ಕಡಿಮೆ ಇದ್ದಿರಬಹುದು. ಆದ್ದರಿಂದಲೇ ಅದೇ ಬಾವಿಯ, ಕಲಕದ ನೀರಿನ ಮಾದರಿ ಜೊತೆಯಲ್ಲಿ ಹೋಗಬೇಕು. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಬಾವಿಯ ನೀರಿನಲ್ಲಿ ಡಯಾಟಂಗಳು ಹೇರಳವಾಗಿವೆ, ಮಜ್ಜೆಯಲ್ಲಿ ಇಲ್ಲ ಎಂದಿತ್ತು. ಕುತ್ತಿಗೆಯ ಗಾಯದ ಜೊತೆ ಇದನ್ನು ಸೇರಿಸಿ ಓದಿದಾಗ ಮುಳುಗಿ ಸತ್ತರೆಂಬ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಪಾಲುದಾರನ ಬಳಿ ಹಣ್ಣು ಸಾಗಿಸುವ ನಾಲ್ಕು ಚಕ್ರದ ಚಿಕ್ಕ ಗೂಡ್ಸ್ ವಾಹನವಿತ್ತು. ಅದರ ತಳದ ಉಕ್ಕಿನ ತಗಡು ಉಬ್ಬುತಗ್ಗಾಗಿತ್ತು. ಬೆನ್ನ ಮೇಲಿನ ಬಿಳಿ ಪಟ್ಟೆಗಳ ನಡುವಿನ ಅಂತರವೂ ಈ ಉಬ್ಬುಗಳ ನಡುವಿನ ಅಂತರವೂ ಹೊಂದುತ್ತವೆಯೇ ಎಂದು ತಿಳಿಸುವಂತೆ ಫೋಟೊ ಮತ್ತು ಅಳತೆಗಳನ್ನು ವೈದ್ಯರಿಗೆ ಕಳುಹಿಸಿದಾಗ, ಹೊಂದುತ್ತವೆ ಎಂಬ ಅಭಿಪ್ರಾಯ ಬಂತು. ಅದೇ ಮಾದರಿಯ ವಾಹನಗಳು ತಾಲ್ಲೂಕಿನಲ್ಲಿ ಬಹಳಷ್ಟಿರುವುದರಿಂದ ಇದು ಇದೇ ವಾಹನ ಎಂದು ಹೇಳಲು ಸಾಲದು. ಸಂಚಾರಿ ವಿಧಿವಿಜ್ಞಾನ ಘಟಕದವರು ಬಂದಾಗ ವಾಹನವನ್ನು ಸೋಪಿನ ಪುಡಿ ಹಾಕಿ ತೊಳೆದಿರುವುದು ಕಾಣುತ್ತಿತ್ತು. ಎತ್ತಿ ಕಾಣುವ ಜಾಗಗಳಲ್ಲಿ ಏನೂ ಸಿಗಲಿಲ್ಲ, ಹಿಂಬಾಗಿಲಿನ ಮೇಲೆ ಹೋಲಿಕೆಗೆ ಯೋಗ್ಯವಾದ ಬೆರಳಚ್ಚೂ ಸಿಗಲಿಲ್ಲ. ತಳದ ತಗಡು ಹಿಂಬಾಗಿಲಿನ ಕೀಲಿಗೆ ಸೇರುವ ಸಂದಿಯಲ್ಲಿ, ತೊಳೆದ ನೀರು ತಲುಪದೆ ಹುಲ್ಲು ಮತ್ತು ಸೊನೆ ಸೇರಿ ಗಟ್ಟಿಯಾಗಿದ್ದ ಕಡೆ, ಫಿನಾಲ್ಫ್ತಲೀನ್ ಪರೀಕ್ಷೆಗೆ ಗುಲಾಬಿ ಬಣ್ಣ ಬಂತು.

ಇಲ್ಲಿ ಎಚ್ಚರಿಕೆ ಬೇಕಿತ್ತು. ಈ ಪರೀಕ್ಷೆ ರಕ್ತ ಇರಬಹುದು ಎಂದು ಸೂಚಿಸುತ್ತದೆಯೇ ಹೊರತು ರಕ್ತವೇ ಎಂದು ಸಾಬೀತು ಮಾಡುವುದಿಲ್ಲ. ಕೆಲವು ಸಸ್ಯಗಳ ರಸದಲ್ಲಿರುವ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೂ ಅದು ಬಣ್ಣ ಕೊಡುವುದುಂಟು, ನಾವಿದ್ದದ್ದು ಹಣ್ಣು ಸಾಗಿಸುವ ವಾಹನದ ಮುಂದೆ. ಹಾಗಾಗಿ ಆ ಸಂದಿಯಿಂದ ಶುದ್ಧ ನೀರಿನಲ್ಲಿ ತೇವ ಮಾಡಿದ ಹತ್ತಿಯ ಕಡ್ಡಿಯಿಂದ ಒಂದು, ಒಣ ಕಡ್ಡಿಯಿಂದ ಇನ್ನೊಂದು ಮಾದರಿಯನ್ನೂ, ಕಲೆ ಇಲ್ಲದ ಪಕ್ಕದ ಜಾಗದಿಂದ ಹೋಲಿಕೆಗಾಗಿ ಮತ್ತೊಂದನ್ನೂ ತಜ್ಞರು ತೆಗೆದರು. ಪ್ರಯೋಗಾಲಯಕ್ಕೆ ನಾನು ಕೇಳಿದ ಪ್ರಶ್ನೆಗಳು ಮೂರು: ಇದು ರಕ್ತವೇ, ಮನುಷ್ಯನ ರಕ್ತವೇ, ಮನುಷ್ಯನದಾದರೆ ಮೃತರ ಡಿಎನ್‌ಎಯೊಂದಿಗೆ ಹೊಂದುತ್ತದೆಯೇ. ಮೂರಕ್ಕೂ ಹೌದು ಎಂಬ ಉತ್ತರ ಬಂತು, ಕಲೆ ಇಲ್ಲದ ಜಾಗದ ಮಾದರಿಯಲ್ಲಿ ಏನೂ ಬರಲಿಲ್ಲ. ಕುತ್ತಿಗೆ ಬಿಗಿದಾಗ ಮೃತರ ಮೂಗಿನಿಂದ ಸೋರಿದ ರಕ್ತ ಅದಾಗಿರಬಹುದೆಂದು ವೈದ್ಯರು ಅಭಿಪ್ರಾಯಪಟ್ಟರು.

ಸಿಸಿಟಿವಿ ಮತ್ತು ಮೊಬೈಲ್ ಕರೆ ವಿವರಗಳ ಬಗ್ಗೆ ಎಲ್ಲರೂ ಈಗ ತಿಳಿದಿದ್ದಾರೆ, ಆದ್ದರಿಂದ ಎರಡೇ ಮಾತು. ಮಾವಿನ ಮಂಡಿಗೆ ಹೋಗುವ ದಾರಿಯಲ್ಲಿ ವಾಹನಗಳನ್ನು ತೂಗುವ ವೇಬ್ರಿಡ್ಜ್ ಒಂದರ ಕ್ಯಾಮೆರಾದಲ್ಲಿ ಆ ವಾಹನ ಕೊಲೆಯ ಮರುದಿನವೆಲ್ಲ ಟಾರ್ಪಾಲು ಮುಚ್ಚಿಕೊಂಡು, ಖಾಲಿ ಕ್ರೇಟುಗಳನ್ನು ಹೇರಿಕೊಂಡು, ತೂಕಕ್ಕೆ ಬಾರದೆ ನಿಂತಿದ್ದದ್ದು, ರಾತ್ರಿ ತೋಪಿನ ದಿಕ್ಕಿಗೆ ಹೋದದ್ದು ಇತ್ತು. ಕ್ಯಾಮೆರಾದ ಚಿತ್ರಗಳನ್ನು ದಾಖಲಿಸುವ ಡಿವಿಆರ್‌ನ ಗಡಿಯಾರ ನಿಜವಾದ ಸಮಯಕ್ಕಿಂತ 17 ನಿಮಿಷ ಮುಂದಿತ್ತು, ಅದನ್ನು ವಶಪಡಿಸಿಕೊಳ್ಳುವ ಹೊತ್ತಿನಲ್ಲಿಯೇ ಪಂಚರ ಮುಂದೆ ಹೋಲಿಸಿ ಮಹಜರಿನಲ್ಲಿ ಬರೆಸಿದೆ. ಹಾಗೆ ಬರೆಸದಿದ್ದರೆ ಕರೆ ವಿವರಗಳ ಸಮಯಕ್ಕೂ ಚಿತ್ರದ ಸಮಯಕ್ಕೂ ತಾಳೆಯಾಗದೆ ಎರಡೂ ಸಂಶಯಕ್ಕೆ ಒಳಗಾಗುತ್ತಿದ್ದವು. ಎರಡನೆಯದು, ಹಳ್ಳಿಗಳಲ್ಲಿ ಒಂದು ಟವರಿನ ವ್ಯಾಪ್ತಿ ಹಲವು ಕಿಲೋಮೀಟರ್ ಇರುತ್ತದೆ. ಆರೋಪಿ ಬಾವಿಯ ಬಳಿಯೇ ಇದ್ದ ಎಂದು ಟವರ್ ಹೇಳುವುದಿಲ್ಲ, ಆ ಪ್ರದೇಶದಲ್ಲಿದ್ದ ಎಂದಷ್ಟೇ ಹೇಳುತ್ತದೆ, ಆರೋಪಪಟ್ಟಿಯಲ್ಲಿಯೂ ಅಷ್ಟನ್ನೇ ಬರೆಯಬೇಕು. ಎಲೆಕ್ಟ್ರಾನಿಕ್ ದಾಖಲೆಗಳಿಗೆ ಆಗಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿದೆ, ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ.

ಬಂಧನದ ನಂತರ ಪಾಲುದಾರ ಎಲ್ಲವನ್ನೂ ಒಪ್ಪಿಕೊಂಡ. ಪೊಲೀಸರ ಮುಂದಿನ ಒಪ್ಪಿಗೆ ಕಾನೂನಿನಲ್ಲಿ ಸಾಕ್ಷ್ಯವಲ್ಲ, ಅದು ಸಾಕ್ಷ್ಯವಾಗಬಾರದು ಎಂಬುದು ನನ್ನ ಸ್ವಂತ ಅಭಿಪ್ರಾಯವೂ ಹೌದು. ಹೇಳಿಕೆಯ ಮೂಲಕ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗವನ್ನು ಮಾತ್ರ ಆಗಿನ ಸಾಕ್ಷ್ಯ ಅಧಿನಿಯಮದ 27ನೇ ಕಲಮು ಒಪ್ಪುತ್ತಿತ್ತು. ಅವನು ತನ್ನ ಜಮೀನಿನ ಮೋಟರ್ ಕೋಣೆಯ ಅಟ್ಟದಿಂದ ನೈಲಾನ್ ಹಗ್ಗವೊಂದನ್ನು ಪಂಚರ ಮುಂದೆ ತೆಗೆದುಕೊಟ್ಟ. ಮಂಪರು ಪರೀಕ್ಷೆ ಮಾಡಿಸಬಾರದೇ ಎಂದು ಊರಿನ ಹಿರಿಯರು ಕೇಳಿದ್ದರು. ನಮ್ಮ ರಾಜ್ಯವೇ ಕಕ್ಷಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ಹೇಳಿದೆ. ಹಗ್ಗ ಕೈಯಲ್ಲಿರುವಾಗ ಅದರ ಅಗತ್ಯವೂ ಇರಲಿಲ್ಲ.

ಹಗ್ಗವನ್ನು ಕಳುಹಿಸುವಾಗ ‘ಇದರಲ್ಲಿ ಡಿಎನ್‌ಎ ಇದೆಯೇ’ ಎಂದು ಕೇಳಿದ್ದರೆ ಇಡೀ ಹಗ್ಗದಿಂದ ಒಂದು ಮಾದರಿ ತೆಗೆದು ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತಿತ್ತೇನೋ. ಕುತ್ತಿಗೆ ಬಿಗಿಯುವವನ ಕೈಗಳು ಹಗ್ಗದ ಎರಡು ತುದಿಗಳಲ್ಲಿರುತ್ತವೆ, ಬಿಗಿಸಿಕೊಂಡವರ ಚರ್ಮ ನಡುವಿನಲ್ಲಿ ಉಜ್ಜುತ್ತದೆ. ಆದ್ದರಿಂದ ಹಗ್ಗವನ್ನು ಸುರುಳಿ ಸುತ್ತದೆ, ತುದಿಗಳು ನಡುವಿನ ಭಾಗಕ್ಕೆ ತಾಗದಂತೆ ಕಾಗದದ ಪದರಗಳ ನಡುವೆ ಇಟ್ಟು, ಎರಡು ತುದಿ ಮತ್ತು ನಡುಭಾಗವನ್ನು ಪ್ರತ್ಯೇಕವಾಗಿ ಪರೀಕ್ಷಿಸುವಂತೆ ಕೋರಿದೆ. ನಡುಭಾಗದಲ್ಲಿ ಮೃತರ ಡಿಎನ್‌ಎ, ಒಂದು ತುದಿಯಲ್ಲಿ ಪಾಲುದಾರನದು, ಇನ್ನೊಂದು ತುದಿಯಲ್ಲಿ ಢಾಬಾದಲ್ಲಿ ಜೊತೆಗಿದ್ದ ಎರಡನೆಯವನ ಡಿಎನ್‌ಎ ಸೇರಿದ ಮಿಶ್ರ ಮಾದರಿ ಸಿಕ್ಕಿತು. ಹಗ್ಗದ ಹುರಿಯ ವಿನ್ಯಾಸವೂ ಕುತ್ತಿಗೆಯ ಗುರುತೂ ಹೊಂದುತ್ತವೆ ಎಂದು ವೈದ್ಯರು ಪ್ರತ್ಯೇಕ ಅಭಿಪ್ರಾಯ ಕೊಟ್ಟರು. ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಓದಿದ ವರದಿಗಳ ಪೈಕಿ ಕೇಳಿದ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸಿದ ವರದಿ ಇನ್ನೊಂದಿಲ್ಲ.

ಕೋಲಾರದ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಢಾಬಾದ ಕೆಲಸದವನು ಪ್ರತಿಕೂಲ ಸಾಕ್ಷಿಯಾದ, ಹಗ್ಗದ ಮಹಜರಿನ ಪಂಚರಲ್ಲಿ ಒಬ್ಬರು ತಾವು ಸಹಿಯನ್ನಷ್ಟೇ ಮಾಡಿದ್ದೆಂದರು. ಉಳಿದದ್ದು ಸಾಂದರ್ಭಿಕ ಸಾಕ್ಷ್ಯ. ಅಂಥ ಪ್ರಕರಣಗಳಲ್ಲಿ ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸಾಬೀತಾಗಬೇಕು, ಎಲ್ಲವೂ ಸೇರಿ ಆರೋಪಿಯ ಅಪರಾಧದ ಕಡೆಗೆ ಮಾತ್ರ ಬೆರಳು ತೋರಬೇಕು, ಕೊಂಡಿ ಎಲ್ಲಿಯೂ ತುಂಡಾಗಿರಬಾರದು ಎಂದು ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದ 1984ರ ತೀರ್ಪು ಹೇಳುತ್ತದೆ. ಆರೋಪಿ ಪರ ವಕೀಲರು ತಮ್ಮ ಪಾಟೀ ಸವಾಲಿನಲ್ಲಿ ಡಿಎನ್‌ಎ ವಿಜ್ಞಾನವನ್ನು ಪ್ರಶ್ನಿಸಲೇ ಇಲ್ಲ. ಅವರು ಪ್ರಶ್ನಿಸಿದ್ದು ಮೊಹರನ್ನು. ಹಗ್ಗ ವಶವಾದ ದಿನದಿಂದ ಮಡಿವಾಳ ತಲುಪುವವರೆಗೆ ಯಾರ ಬಳಿ ಇತ್ತು, ಮೃತರ ರಕ್ತದ ಮಾದರಿಯೂ ಹಗ್ಗವೂ ಒಂದೇ ಕಪಾಟಿನಲ್ಲಿದ್ದವೇ, ಮೊಹರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿತ್ತೇ, ಕೊಂಡೊಯ್ದ ಕಾನ್‌ಸ್ಟೆಬಲ್ ದಾರಿಯಲ್ಲಿ ಎಲ್ಲಿಯಾದರೂ ತಂಗಿದರೇ. ಹೆಡ್ ಕಾನ್‌ಸ್ಟೆಬಲ್ ಮುದ್ದೆಮಾಲು ರಿಜಿಸ್ಟರನ್ನು ತೆರೆದು, ಪ್ರತಿ ವಸ್ತುವಿನ ಪಿಎಫ್ (ಪ್ರಾಪರ್ಟಿ ಫಾರ್ಮ್) ಸಂಖ್ಯೆ, ಒಳಬಂದ ಮತ್ತು ಹೊರಹೋದ ಸಮಯ, ಕೊಟ್ಟವರ ಮತ್ತು ಪಡೆದವರ ಸಹಿಯನ್ನು ಓದಿ ಹೇಳಿದರು. ಮೃತರ ಮಾದರಿ ಮೊದಲೇ ಬೇರೆ ದಿನ, ಬೇರೆ ಸಿಬ್ಬಂದಿಯ ಕೈಯಲ್ಲಿ ಹೋಗಿತ್ತು.

ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ವಾಹನದ ಜೊತೆಗಿದ್ದನೆಂದು ನಾವು ಆರೋಪಿಸಿದ್ದ ಮೂರನೆಯವನು ಬಿಡುಗಡೆಯಾದ. ಅವನ ವಿರುದ್ಧ ಇದ್ದದ್ದು ಉಳಿದಿಬ್ಬರ ಹೇಳಿಕೆ ಮತ್ತು ಟವರಿನ ವಿವರ ಮಾತ್ರ, ಹಗ್ಗದಲ್ಲಾಗಲಿ ವಾಹನದಲ್ಲಾಗಲಿ ಅವನ ಗುರುತು ಇರಲಿಲ್ಲ. ಸಿಬ್ಬಂದಿಯಲ್ಲಿ ಕೆಲವರಿಗೆ ಇದರಿಂದ ಬೇಸರವಾಯಿತು. ನನಗೆ ಆ ತೀರ್ಪು ಸರಿಯೆನಿಸಿತು. ಇಬ್ಬರನ್ನು ಶಿಕ್ಷೆಗೆ ಗುರಿಪಡಿಸಿದ ಅದೇ ಹಗ್ಗ ಮೂರನೆಯವನ ಬಗ್ಗೆ ಏನನ್ನೂ ಹೇಳದಿದ್ದಾಗ, ಆ ಮೌನವನ್ನೂ ನ್ಯಾಯಾಲಯ ಗೌರವಿಸಲೇಬೇಕು.

ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ, 105ನೇ ಕಲಮು ಶೋಧ ಮತ್ತು ಜಪ್ತಿಯ ಚಿತ್ರೀಕರಣವನ್ನು ಕಡ್ಡಾಯಗೊಳಿಸಿದೆ. ನಮ್ಮ ರಾಜ್ಯದಲ್ಲಿ ಅಪರಾಧ ಸ್ಥಳಕ್ಕೆಂದೇ ತರಬೇತಾದ ಸೋಕೊ ಅಧಿಕಾರಿಗಳೂ ಬಂದಿದ್ದಾರೆ. ಮಹಜರಿಗೆ ಸಹಿ ಹಾಕಿ ನಂತರ ಇಲ್ಲವೆನ್ನುವ ಪಂಚರ ಸಮಸ್ಯೆಗೆ ಚಿತ್ರೀಕರಣ ನಿಜವಾದ ಪರಿಹಾರ. ಆದರೆ ತಜ್ಞರು ಕಡ್ಡಾಯವಾಗಿ ಬರುವುದು ಅಪರಾಧವೆಂದು ದಾಖಲಾದ ಪ್ರಕರಣಕ್ಕೆ. ಯುಡಿಆರ್ ಎಂದು ದಾಖಲಾದ ಬಾವಿಯ ಬಳಿ ಈಗಲೂ ಮೊದಲು ನಿಲ್ಲುವವರು ಹತ್ತಿರದ ಠಾಣೆಯ ಸಬ್‌ಇನ್‌ಸ್ಪೆಕ್ಟರ್, ಶವವನ್ನು ಮಗುಚಿ ನೋಡಬೇಕಾದವರೂ ಅವರೇ.

ವಸ್ತುಗಳ ಹಸ್ತಾಂತರದ ವಿಷಯದಲ್ಲಿಯೂ ನಿಯಮಗಳು ಬಿಗಿಯಾಗಿವೆ. ದೆಹಲಿಯ ಛಾವ್ಲಾ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಗುರಿಯಾಗಿದ್ದವರನ್ನು ಬಿಡುಗಡೆ ಮಾಡಿದಾಗ, ಮಾದರಿಗಳು ಹಲವು ದಿನ ಠಾಣೆಯಲ್ಲಿಯೇ ಉಳಿದದ್ದನ್ನು ಎತ್ತಿ ಹೇಳಿತು. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರ ತೀರ್ಪಿನಲ್ಲಿ, ಡಿಎನ್‌ಎ ಮಾದರಿಗಳನ್ನು 48 ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ದಾಖಲಿಸಬೇಕು, ಸಂಗ್ರಹದಿಂದ ತೀರ್ಪಿನವರೆಗೆ ಪ್ರತಿ ಹಸ್ತಾಂತರವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ದೇಶದ ಎಲ್ಲ ಪೊಲೀಸರಿಗೆ ನಿರ್ದೇಶನ ಕೊಟ್ಟಿತು. ಶ್ರೀನಿವಾಸಪುರದಿಂದ ಮಡಿವಾಳಕ್ಕೆ ಅರ್ಧ ದಿನದ ದಾರಿಯೂ ಇಲ್ಲ. ಬಟ್ಟೆ ಒಣಗುವುದಕ್ಕೆ ಬೇಕಾದ ಸಮಯವನ್ನು ಕಳೆದರೂ, ಮಾದರಿ ಸಿಕ್ಕ ದಿನವೇ ಕೋರಿಕೆ ಪತ್ರದ ಪ್ರಶ್ನೆಗಳು ಸಿದ್ಧವಾಗಿದ್ದರೆ ಆ 48 ಗಂಟೆಗಳು ನಮ್ಮ ಜಿಲ್ಲೆಯ ಯಾವ ಠಾಣೆಗೂ ಧಾರಾಳವಾಗಿ ಸಾಕು.